ಕಂದೀಲು: ಮಾತಿನ ಮೂಲ, ಗಾಜಿನ ಊರು

ವಿದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಹುಟ್ಟುಹಬ್ಬದ ಕೇಕಿನ ಮೇಲೆ ಹಚ್ಚುವ ಕ್ಯಾಂಡಲ್ಲೂ ಧಾರವಾಡದ ಅಜ್ಜಿಯ ಮನೆಯ ಕಂದೀಲೂ ಒಂದೇ ಬಳ್ಳಿಯ ಕಾಯಿಗಳು. ಲ್ಯಾಟಿನ್ನಿನಲ್ಲಿ ‘ಕಾಂದೇರೆ’ ಎಂದರೆ ಹೊಳೆಯುವುದು. ಅದರಿಂದ ಹುಟ್ಟಿದ್ದು ‘ಕಾಂದೇಲಾ’. ಅದು ಗ್ರೀಕರನ್ನು ಹಾದು ಅರಬ್ಬಿಯಲ್ಲಿ ‘ಕಿಂದೀಲ್’ ಆಯಿತು. ಪಾರ್ಸಿ, ಮರಾಠಿಗಳ ಒಡನಾಟದಲ್ಲಿ ನಮಗೆ ‘ಕಂದೀಲು’ ಆಗಿ ದಕ್ಕಿತು. ಸಂಸ್ಕೃತದ ‘ಚಂದ್ರ’ನೂ ಇದೇ ಮೂಲದವನೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ.

ಹೆಸರು ಹಳೆಯದಾದರೂ ನಮ್ಮ ಹಿರಿಯರು ಕಂಡ ಸೀಮೆಎಣ್ಣೆಯ ಕಂದೀಲು ಹೊಸ ಕಾಲದ್ದು. ಅದರ ಜೀವವೇ ಗಾಜು. ಗಾಳಿಯ ಹೊಡೆತ ತಡೆದು, ಕೆಳಗಿನಿಂದ ಗಾಳಿಯನ್ನು ಸಮನಾಗಿ ಎಳೆದುಕೊಂಡು, ಹೊಗೆ ಕಡಿಮೆ ಮಾಡಿ ಬೆಳಕು ಹೆಚ್ಚಿಸುವುದು ಅದೇ. ಸಂಜೆಯಾದರೆ ಹೆಣ್ಣುಮಕ್ಕಳು ಗಾಜನ್ನು ಒಲೆಯ ಬೂದಿ ಹಚ್ಚಿ ತಿಕ್ಕಿ, ಹಳೇ ಅರಿವೆಯಿಂದ ಒರೆಸಿ, ಬತ್ತಿಯ ಕರಕು ಕತ್ತರಿಸಿ, ಚಿಮಣಿ ಎಣ್ಣೆ ತುಂಬುತ್ತಿದ್ದರು. ಕಾದ ಗಾಜಿನ ಮೇಲೆ ನೀರಿನ ಹನಿ ಬಿದ್ದರೆ ಚಟ್ಟೆಂದು ಸೀಳುತ್ತಿತ್ತು. ಇಂಥ ಗಾಜಿಗಾಗಿ ನಾವು ಬಹುಕಾಲ ಪರದೇಶದ ಹಡಗು ಕಾಯಬೇಕಿತ್ತು.

ಆ ಪರಾಧೀನತೆಗೆ ಎದುರು ನಿಂತ ಊರುಗಳಲ್ಲಿ ಒಂದು, ಪುಣೆ–ಮುಂಬೈ ರೈಲು ದಾರಿಯ ತಳೇಗಾಂವ ದಾಭಾಡೆ. ಮರಾಠಾ ಸೇನಾಪತಿ ದಾಭಾಡೆ ಮನೆತನದಿಂದ ಹೆಸರು ಪಡೆದ ಈ ಊರಿನಲ್ಲಿ 1908ರಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾಯಿತು. ರೂಪಾಯಿಗೆ 64 ಪೈಸೆ ಇದ್ದ ಕಾಲವದು. ತಲೆಗೊಂದು ಪೈಸೆ ಕೂಡಿಸಿದರೂ ದೇಶಿ ಉದ್ಯಮ ಕಟ್ಟಬಹುದೆಂದು ನಂಬಿ ಅಂತಾಜಿ ದಾಮೋದರ ಕಾಳೆ ಅವರು ಊರೂರು ಸುತ್ತಿದರು. ಲೋಕಮಾನ್ಯ ತಿಲಕರು ಬೆನ್ನಿಗೆ ನಿಂತರು. ಜಪಾನಿಗೂ ಅಮೆರಿಕದ ಎಂಐಟಿಗೂ ಹೋಗಿ ಕಲಿತುಬಂದ ಈಶ್ವರದಾಸ ವಾರ್ಷ್ಣೇಯ ಅವರು ಕಾರ್ಖಾನೆಯ ಹೊಣೆ ಹೊತ್ತರು. ಅಲ್ಲಿ ಗಾಜಿನ ಜೊತೆಗೆ ಗಾಜಿನ ಕಸುಬುದಾರರೂ ತಯಾರಾದರು. ಮರಳು, ಸೋಡಾ, ಸುಣ್ಣ ಕುಲುಮೆಯಲ್ಲಿ ಕರಗಿದ ಮೇಲೆ ಕೊಳವೆಯಿಂದ ಊದಿ ಆಕಾರ ಕೊಡಬೇಕು. ಆಮೇಲೆ ನಿಧಾನವಾಗಿ ಆರಿಸಬೇಕು. ಅವಸರ ಮಾಡಿದರೆ ಗಾಜು ದೀಪದ ಕಾವು ತಾಳದು. ಈ ಹದ ಪುಸ್ತಕದಿಂದಷ್ಟೇ ಬರುವುದಿಲ್ಲ, ಕೈಗೆ ಹತ್ತಬೇಕು.

1916ರಲ್ಲಿ ಕರಾಡದ ಹತ್ತಿರ ಓಗಲೆ ಸಹೋದರರ ಕಾರ್ಖಾನೆ ತಲೆಯೆತ್ತಿತು. ಅವರ ‘ಪ್ರಭಾಕರ’ ಕಂದೀಲು ಮುಂದೆ ಮನೆಮಾತಾಯಿತು. ಪ್ರಭಾಕರನೆಂದರೆ ಬೆಳಕು ಮಾಡುವವನು, ಸೂರ್ಯ.

ಓದಲು ಪರದೇಶಕ್ಕೆ ಹೋದವರ ವಿದ್ಯೆಯೂ ಊರಲ್ಲೇ ಉಳಿದವರ ಪೈಸೆಯೂ ಕೂಡಿದಾಗ ಏನಾಗಬಲ್ಲದು ಎಂಬುದಕ್ಕೆ ತಳೇಗಾಂವ ಸಾಕ್ಷಿ. ಕಂದೀಲು ಎಂದರೇನೆಂದು ಮಕ್ಕಳು ಕೇಳಿದಾಗ ಈ ಕಥೆಯನ್ನೂ ಸೇರಿಸಿ ಹೇಳೋಣ.