ಗಡಿ ದಾಟುವ ಲೋಕಲ್ ಗಾಡಿ: ಕಾಸರಗೋಡು–ಮಂಗಳೂರು ರೈಲುದಾರಿಯ ಕಥೆ

ಗಡಿನಾಡಿನ ಚರಿತ್ರೆಯನ್ನು ಬರೆಯುವಾಗ ನಾವು ಕುಂಬಳೆಯ ಅರಸರನ್ನು, ಬೇಕಲದ ಕೋಟೆಯನ್ನು, ಏಕೀಕರಣದ ಹೋರಾಟವನ್ನು ತಪ್ಪದೆ ನೆನೆಯುತ್ತೇವೆ. ದಿನಬೆಳಗಾದರೆ ವಿದ್ಯಾರ್ಥಿಗಳನ್ನೂ ಕೂಲಿಯವರನ್ನೂ ರೋಗಿಗಳನ್ನೂ ತುಂಬಿಕೊಂಡು ಮಂಗಳೂರಿಗೆ ಹೋಗುವ ಲೋಕಲ್ ಗಾಡಿಗೆ ಮಾತ್ರ ಆ ಪುಟಗಳಲ್ಲಿ ಸ್ಥಳ ಸಿಕ್ಕಿಲ್ಲ. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ, ಮಂಗಳೂರು: ಎಲ್ಲ ಸೇರಿ 50 ಕಿಲೋಮೀಟರಿಗೂ ಕಡಿಮೆ ದೂರ. ಗಡಿನಾಡಿನ ಬದುಕು ಯಾವ ಹಗ್ಗದಲ್ಲಿ ಮಂಗಳೂರಿಗೆ ಕಟ್ಟಿಕೊಂಡಿದೆ ಎಂಬುದನ್ನು ತಿಳಿಯಲು ಈ ದಾರಿಯ ಕಥೆಯನ್ನು ನೋಡಬೇಕು.

ಇಂದಿನ ಕೇರಳದಲ್ಲಿ ಮೊದಲ ರೈಲು ಓಡಿದ್ದು 1861ರಲ್ಲಿ, ಬೇಪೂರು ಮತ್ತು ತಿರೂರಿನ ನಡುವೆ. ಮದ್ರಾಸ್ ರೈಲ್ವೆಯ ಈ ದಾರಿ 1888ರಲ್ಲಿ ಕೋಳಿಕ್ಕೋಡನ್ನು ಮುಟ್ಟಿತು. ಅಲ್ಲಿಂದ ಬಡಗಿಗೆ ಹೊಳೆಯ ಮೇಲೊಂದು ಹೊಳೆ ದಾಟುತ್ತ, ಚಂದ್ರಗಿರಿಯನ್ನೂ ನೇತ್ರಾವತಿಯನ್ನೂ ಸೇತುವೆಯಿಂದ ಹಾಯ್ದು 1907ರಲ್ಲಿ ಮಂಗಳೂರನ್ನು ಸೇರಿತು. ಮರುವರ್ಷ ಅದು ಸೌತ್ ಇಂಡಿಯನ್ ರೈಲ್ವೆಯ ವಶವಾಯಿತು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಂಗಳೂರು ಅದರ ಜಿಲ್ಲಾ ಕೇಂದ್ರ. ಕೋರ್ಟು, ಕಚೇರಿ, ಕಾಲೇಜು, ಆಸ್ಪತ್ರೆ, ಅಡಿಕೆಯ ವ್ಯಾಪಾರ ಎಲ್ಲಕ್ಕೂ ಜನ ಅಲ್ಲಿಗೇ ಹೋಗುತ್ತಿದ್ದರು. ರೈಲು ಬಂದ ಮೇಲೆ ಆ ಹೋಗುವಿಕೆ ಸುಲಭವಾಯಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿಯಿತು. ಹಳಿಗಳು ಮಾತ್ರ ಮೊದಲಿದ್ದಲ್ಲೇ ಇದ್ದವು. ಮಂಗಳೂರಿನ ಹಳೆಯ ನಿಲ್ದಾಣವೂ ಕಾಸರಗೋಡಿನ ದಾರಿಯೂ ದಕ್ಷಿಣ ರೈಲ್ವೆಯ ಒಲವಕ್ಕೋಡು, ಅಂದರೆ ಇಂದಿನ ಪಾಲಕ್ಕಾಡ್ ವಿಭಾಗದಲ್ಲೇ ಮುಂದುವರಿದವು. ರಾಜ್ಯ ಎರಡಾದರೂ ರೈಲ್ವೆಯ ಲೆಕ್ಕದಲ್ಲಿ ದಾರಿ ಒಂದೇ. ಇದು ಗಡಿನಾಡಿಗೆ ಒದಗಿದ ಒಂದು ಅನುಕೂಲವೇ ಸರಿ. ಆದರೆ ಈ ದಾರಿಯ ಗಾಡಿಗಾಗಿ ಬಾಯಿಬಿಟ್ಟು ಕೇಳುವ ಸರಕಾರ ಯಾವುದು ಎಂಬ ಪ್ರಶ್ನೆ ಹುಟ್ಟಿದ್ದೂ ಆಗಲೇ.

ದಾರಿಯ ಮೇಲಿನ ಒತ್ತಡ ಬೆಳೆದದ್ದು ಅನಂತರ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದಾಗ ಮುಂಬಯಿ, ದೆಹಲಿ ಕಡೆಯಿಂದ ಕೇರಳಕ್ಕೆ ಹೋಗುವ ದೂರದ ಗಾಡಿಗಳು ಈ ಹಳಿಗೆ ಬಂದವು. ಒಂಟಿ ಹಳಿಯಲ್ಲಿ ಎದುರುಬದುರು ಬರುವ ಗಾಡಿಗಳು ನಿಲ್ದಾಣದಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವು. ಜೋಡಿ ಹಳಿಯ ಕೆಲಸ ಹಂತಹಂತವಾಗಿ ವರ್ಷಗಟ್ಟಲೆ ನಡೆಯಿತು. ನೇತ್ರಾವತಿಯಿಂದ ಮಂಗಳೂರು ಸೆಂಟ್ರಲಿನವರೆಗಿನ ಚಿಕ್ಕ ತುಣುಕು ಎಲ್ಲಕ್ಕಿಂತ ಕೊನೆಗೆ ಉಳಿದುಕೊಂಡಿತು. 2017ರ ಹೊತ್ತಿಗೆ ವಿದ್ಯುದೀಕರಣವೂ ಆಯಿತು. ಆದರೂ ಲೋಕಲ್ ಗಾಡಿಯ ಪಾಡು ಹೆಚ್ಚು ಬದಲಾಗಲಿಲ್ಲ. ಹಳೆಯ ಸಿಗ್ನಲ್ ಪದ್ಧತಿಯಲ್ಲಿ ಎರಡು ನಿಲ್ದಾಣಗಳ ನಡುವಿನ ಹಳಿಯಲ್ಲಿ ಒಂದು ಸಲಕ್ಕೆ ಒಂದೇ ಗಾಡಿಗೆ ಅವಕಾಶ. ಹಿಂದಿನಿಂದ ವೇಗದ ಗಾಡಿ ಬಂದರೆ ಎಲ್ಲ ಕಡೆ ನಿಲ್ಲುವ ಗಾಡಿ ಬದಿಯ ಹಳಿಗೆ ಸರಿದು ಕಾಯಬೇಕು. 2023ರಲ್ಲಿ ಬಂದ ವಂದೇ ಭಾರತ್‌ಗೆ ದಾರಿ ಬಿಡಲು ತಮ್ಮ ಗಾಡಿಗಳನ್ನು ತಡೆಯುತ್ತಾರೆಂದು ಕೇರಳದುದ್ದಕ್ಕೂ ನಿತ್ಯಪ್ರಯಾಣಿಕರು ದೂರಿದ್ದು ಇದೇ ಕಾರಣಕ್ಕೆ. ಹೊಸ ಹಳಿಯಿಂದ ದೊರೆತ ಅವಕಾಶದ ದೊಡ್ಡ ಪಾಲು ದೂರದ ಗಾಡಿಗಳಿಗೆ ಸಂದಿತು.

ಹಣದ ಲೆಕ್ಕವೂ ಇದೇ ಕಡೆಗೆ ವಾಲುತ್ತದೆ. ಪ್ರಯಾಣದ ವೆಚ್ಚದಲ್ಲಿ ಶೇಕಡಾ 57ರಷ್ಟು ಮಾತ್ರ ಟಿಕೆಟಿನಿಂದ ಬರುತ್ತದೆಂದು ರೈಲ್ವೆ ತನ್ನ ಟಿಕೆಟಿನ ಮೇಲೆಯೇ ಅಚ್ಚು ಹಾಕಿಸಿತ್ತು. ಎರಡನೆಯ ದರ್ಜೆಯ ತಿಂಗಳ ಸೀಸನ್ ಟಿಕೆಟಿಗೆ ಸುಮಾರು 15 ಒಂಟಿ ಪ್ರಯಾಣಗಳ ದರ. ತಿಂಗಳಿಗೆ 50 ಸಲ ಹೋಗಿಬರುವವನಿಗೆ ಅದು ವರ. ಲೆಕ್ಕ ಬರೆಯುವವನಿಗೆ ನಷ್ಟ. ಆದ್ದರಿಂದ ಲೋಕಲ್ ಗಾಡಿಗಳನ್ನು ಹೆಚ್ಚಿಸಬೇಕಾದರೆ ರಾಜ್ಯ ಸರಕಾರಗಳೂ ಕೈಜೋಡಿಸಬೇಕೆಂಬ ಮಾತು ಬಂದಿದೆ. ಕರ್ನಾಟಕವು ಕೇಂದ್ರದೊಡನೆ ಸೇರಿ ಬೆಂಗಳೂರಿನ ಸುತ್ತ 148 ಕಿಲೋಮೀಟರಿನ ಉಪನಗರ ರೈಲು ಕಟ್ಟಲು ಹೊರಟಿತು. 2020ರಲ್ಲಿ ಒಪ್ಪಿಗೆ ಪಡೆದ ಆ ಯೋಜನೆಯ ಅಂದಾಜು 15,767 ಕೋಟಿ ರೂಪಾಯಿ. ಕೇರಳವು ತಿರುವನಂತಪುರದಿಂದ ಕಾಸರಗೋಡಿಗೆ 530 ಕಿಲೋಮೀಟರಿನ ಸಿಲ್ವರ್‌ಲೈನನ್ನು ಯೋಚಿಸಿತು. ಅಂದಾಜು 63,940 ಕೋಟಿ. ಕೇಂದ್ರದ ಒಪ್ಪಿಗೆ ಸಿಗದೆ ಅದು ನಿಂತಿತು. ಒಂದು ರಾಜ್ಯದ ಕಣ್ಣು ಅದರ ರಾಜಧಾನಿಯ ಸುತ್ತ. ಇನ್ನೊಂದರ ನಕ್ಷೆ ಕಾಸರಗೋಡಿನಲ್ಲಿ ಮುಗಿಯುತ್ತದೆ. ಎರಡೂ ನಕ್ಷೆಗಳ ನಡುವೆ ಬಿಟ್ಟುಹೋದದ್ದು ನಮ್ಮ ದಾರಿ. ಕಾಞಂಗಾಡಿನಿಂದ ಪಾಣತ್ತೂರು ಮೂಲಕ ಕಾಣಿಯೂರಿಗೆ ಬೇಡಿಕೆಯಲ್ಲಿರುವ ಹೊಸ ದಾರಿಯೂ ಎರಡು ರಾಜ್ಯಗಳ ಪಾಲಿನ ಪ್ರಶ್ನೆಯಲ್ಲೇ ಸಿಲುಕಿತು.

ಈ ದಾರಿಯ ಬೆಲೆ ತಿಳಿದದ್ದು 2020ರಲ್ಲಿ. ಮಾರ್ಚ್ ತಿಂಗಳಲ್ಲಿ ದೇಶದಲ್ಲೆಲ್ಲ ರೈಲು ನಿಂತಿತು. ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಗಡಿನಾಡಿನ ಹಲವು ರೋಗಿಗಳು ಅಲ್ಲಿಗೆ ಮುಟ್ಟಲಾಗದೆ ತೀರಿಕೊಂಡರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಗಾಡಿಗಳು ಮರಳಿ ಓಡಿದಾಗ ಹಳೆಯ ಪ್ಯಾಸೆಂಜರುಗಳಿಗೂ ಎಕ್ಸ್‌ಪ್ರೆಸ್ಸಿನ ದರ ಹಾಕಿದರು. 10 ರೂಪಾಯಿ ಇದ್ದ ಕನಿಷ್ಠ ಟಿಕೆಟು 30 ಆಯಿತು. ಅದು ಮತ್ತೆ 10ಕ್ಕೆ ಇಳಿದದ್ದು 2024ರಲ್ಲಿ. ಕೂಲಿಯನ್ನು ನಂಬಿದ ಮನೆಗೆ ಈ 20 ರೂಪಾಯಿ ಸಣ್ಣ ಮಾತಲ್ಲ.

ಕನ್ನಡ ಶಾಲೆಯಲ್ಲಿ ಓದಿದ ಮಗು ಕಾಲೇಜಿಗೆ ಕನ್ನಡದ ಊರನ್ನು ಹುಡುಕಿದಾಗ ಕೈಗೆ ಸಿಗುವುದು ಮಂಗಳೂರು. ಹೋಗಿಬರುವ ಗಾಡಿ ಇದ್ದರೆ ಅದು ಮನೆಯಿಂದಲೇ ಕಲಿಯುತ್ತದೆ. ಇಲ್ಲವಾದರೆ ಹಾಸ್ಟೆಲಿನ ಖರ್ಚು, ಅಥವಾ ಓದೇ ಬೇಡವೆಂಬ ತೀರ್ಮಾನ. ಆದರೆ ಇದು ಕನ್ನಡಿಗರೊಬ್ಬರದೇ ಸಂಕಟವಲ್ಲ. ಆ ಬೋಗಿಯಲ್ಲಿ ಮಲಯಾಳ, ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಲ್ಲ ಭಾಷೆಯವರೂ ಒಂದೇ ಕಂಬಿ ಹಿಡಿದು ನಿಂತಿರುತ್ತಾರೆ.

ದಾರಿ ಇಲ್ಲದಿಲ್ಲ. ತಲಪಾಡಿಯ ಗಡಿಯನ್ನು ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳು ಪರಸ್ಪರ ಒಪ್ಪಂದದಿಂದ ದಿನವೂ ದಾಟುತ್ತಿವೆ. ಬಸ್ಸಿಗೆ ಆದದ್ದು ರೈಲಿಗೂ ಆಗಬೇಕು. ಬೆಳಗ್ಗೆ ಮತ್ತು ಸಂಜೆ ಓಡುವ ಲೋಕಲ್ ಗಾಡಿಗಳಿಗೆ ತಗಲುವ ನಷ್ಟವನ್ನು ಎರಡು ರಾಜ್ಯಗಳೂ ರೈಲ್ವೆಯೂ ಹಂಚಿಕೊಳ್ಳುವ ಒಂದು ಒಪ್ಪಂದ ಏರ್ಪಟ್ಟರೆ, ಹೊಸ ಹಳಿ ಹಾಕದೆಯೂ ಬಹಳಷ್ಟನ್ನು ಮಾಡಬಹುದು. ಅದನ್ನು ಕೇಳಬೇಕಾದವರು ಗಡಿಯ ಈಚೆಯ ಮತ್ತು ಆಚೆಯ ಪ್ರಯಾಣಿಕರು, ಒಟ್ಟಾಗಿ, ಎರಡೂ ಭಾಷೆಗಳಲ್ಲಿ.