ಒಂದೇ ಹೆಸರಿನ ಊರುಗಳು, ಹೆಸರಳಿದ ಸಮುದಾಯಗಳು

|| ಓಂ ಶ್ರೀ ಗುರುಬಸವಲಿಂಗಾಯ ನಮಃ ||



ಶ್ರಾವಣ ಮಾಸದ ಪ್ರವಚನ ಮುಗಿದ ಒಂದು ಸಂಜೆ ಕುಮಾರಪಟ್ಟಣದ ಕಡೆಯ ಭಕ್ತರೊಬ್ಬರು ಶ್ರೀಮಠದ ಗ್ರಂಥಾಲಯಕ್ಕೆ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟರು. "12ನೆಯ ಶತಮಾನದ ಶಾಸನವೊಂದರಲ್ಲಿ ಕೋಡಿಯಮಠವೆಂಬ ದೊಡ್ಡ ಮಠದ ವರ್ಣನೆ ಇದೆಯಂತೆ. ನಮ್ಮ ಊರು ಕೊಡಿಯಾಲ. ಹಾಗಾದರೆ ಆ ಮಠ ನಮ್ಮ ಊರಿನಲ್ಲಿಯೇ ಇತ್ತಲ್ಲವೆ? ಜಾತ್ರೆಯ ಸ್ಮರಣಸಂಚಿಕೆಯಲ್ಲಿ ಹಾಗೆಂದು ಅಚ್ಚು ಹಾಕಿಸಬಹುದೆ?" ಎಂದು ಕೇಳಿದರು. ಅವರ ಮುಖದಲ್ಲಿದ್ದ ಉತ್ಸಾಹವನ್ನು ಕಂಡು, ಪರಿಶೀಲಿಸದೆಯೇ ನಾನು "ಇರಬಹುದು" ಎಂದುಬಿಟ್ಟೆ. ಅವರು ಸಂತೋಷದಿಂದ ಹೋದರು. ನನಗೆ ಮಾತ್ರ ಅಂದು ರಾತ್ರಿ ನೆಮ್ಮದಿ ಇರಲಿಲ್ಲ. ಆ ಅವಸರದ ಮಾತಿಗೆ ಪ್ರಾಯಶ್ಚಿತ್ತವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಕುಮಾರಪಟ್ಟಣವು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನಲ್ಲಿ, ತುಂಗಭದ್ರೆಯ ಎಡದಂಡೆಯ ಮೇಲಿದೆ. ಎದುರಿನ ದಂಡೆಯಲ್ಲಿ ಹರಿಹರ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವು ಅಲ್ಲಿಯೇ ಇದೆ. 1956ರ ಏಕೀಕರಣದವರೆಗೆ ಈ ಹೊಳೆಯೇ ಗಡಿಯಾಗಿತ್ತು. ಆಚೆಯದು ಮೈಸೂರು ಸೀಮೆ, ಈಚೆಯದು ಮುಂಬಯಿ ಆಡಳಿತದ ಧಾರವಾಡ ಜಿಲ್ಲೆ. ಹಾವೇರಿ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. 1970ರ ದಶಕದಲ್ಲಿ ಇಲ್ಲಿ ನೆಲೆಗೊಂಡ ಕಾರ್ಖಾನೆಗಳಿಂದಾಗಿ ಕುಮಾರಪಟ್ಟಣವೆಂಬ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ಆದರೆ ಸುತ್ತಲಿನ ಜನರ ಬಾಯಲ್ಲಿ ಕೊಡಿಯಾಲ-ಹೊಸಪೇಟೆ ಎಂಬ ಜೋಡಿ ಹೆಸರು ಇಂದಿಗೂ ಜೀವಂತವಾಗಿದೆ.

ಈ ಜೋಡಿ ಹೆಸರಿನ ಎರಡು ಭಾಗಗಳಿಗೂ ಬೇರೆಡೆ ಸಮನಾಮಗಳಿರುವುದು ಕುತೂಹಲಕರ. ಹೊಸಪೇಟೆ ಎಂದೊಡನೆ ನಮಗೆ ನೆನಪಾಗುವುದು ವಿಜಯನಗರ ಜಿಲ್ಲೆಯ ಹೊಸಪೇಟೆ. 16ನೆಯ ಶತಮಾನದ ಆದಿಯಲ್ಲಿ ಕೃಷ್ಣದೇವರಾಯನು ನಾಗಲಾಪುರವೆಂಬ ಹೆಸರಿನಿಂದ ನೆಲೆಗೊಳಿಸಿದ ಊರು ಅದು. ಕೊಡಿಯಾಲ ಎಂದರೆ ಕೊಂಕಣಿ ಮಾತನಾಡುವವರಿಗೆ ಮಂಗಳೂರು. ಅಲ್ಲಿಯ ಕೊಡಿಯಾಲಬೈಲು ಎಂಬ ಬಡಾವಣೆಯಲ್ಲಿ ಆ ಹೆಸರು ಉಳಿದುಕೊಂಡಿದೆ. ಹಾಗೆಂದು ಮಂಗಳೂರೂ ಕುಮಾರಪಟ್ಟಣವೂ ಒಂದೇ ಎಂದು ಯಾರೂ ವಾದಿಸುವುದಿಲ್ಲ. ಹೆಸರಿನೊಂದಿಗೆ ಹಿರಿಮೆಯೊಂದು ಅಂಟಿಕೊಂಡಿರುವಾಗ ಮಾತ್ರ ನಮ್ಮ ವಿವೇಕ ಸಡಿಲಗೊಳ್ಳುತ್ತದೆ.

ಒಂದೇ ಹೆಸರು ಹಲವು ಊರುಗಳಿಗೆ ಬರಲು ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು ನೆಲದ ಸ್ವರೂಪ. ಎರಡು ಹೊಳೆಗಳು ಕೂಡುವ ಸ್ಥಳ ಕೂಡಲ. ಬಸವಣ್ಣನವರ ವಿದ್ಯಾಭೂಮಿಯಾದ ಕೂಡಲಸಂಗಮವು ಕೃಷ್ಣಾ-ಮಲಪ್ರಭೆಯರ ಸಂಗಮ. ನಮ್ಮ ಹೊಳೆಯ ಮೇಲ್ಗಡೆ ತುಂಗೆಯೂ ಭದ್ರೆಯೂ ಕೂಡುವ ಸ್ಥಳ ಕೂಡಲಿ. ಹಾನಗಲ್ಲ ತಾಲೂಕಿನಲ್ಲಿ ಧರ್ಮಾ ನದಿಯು ವರದೆಯನ್ನು ಸೇರುವ ಸ್ಥಳವೂ ಕೂಡಲವೇ. ಇವು ಒಂದರಿಂದ ಒಂದು ಹುಟ್ಟಿದ ಹೆಸರುಗಳಲ್ಲ. ನೀರು ಎಲ್ಲಿ ಕೂಡಿತೋ ಅಲ್ಲಿ ಕನ್ನಡಿಗನ ನಾಲಗೆ ತಾನಾಗಿಯೇ ಇಟ್ಟ ಹೆಸರುಗಳು.

ಎರಡನೆಯದು ವ್ಯವಹಾರದ ಅನುಕೂಲ. ಹೊಸದಾಗಿ ಪೇಟೆ ಕಟ್ಟಿದರೆ ಹೊಸಪೇಟೆ. ಒಂದೇ ಹೆಸರಿನ ಊರುಗಳು ಹತ್ತಿರದಲ್ಲಿದ್ದರೆ ಗುರುತಿಗೊಂದು ಮುಂಪದ ಬೇಕು. ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರು ನಮ್ಮ ಕಣ್ಣೆದುರಿನ ನಿದರ್ಶನಗಳು.

ಮೂರನೆಯ ಕಾರಣವೇ ಇತಿಹಾಸದ ದೃಷ್ಟಿಯಿಂದ ಅಮೂಲ್ಯವಾದುದು. ಜನರು ತಮ್ಮ ಊರನ್ನು ಬಿಟ್ಟು ಬರುವಾಗ ಅದರ ಹೆಸರನ್ನು ಹೊತ್ತು ತರುತ್ತಾರೆ. ಸೌಂದತ್ತಿಯ ರಟ್ಟರು ತಮ್ಮನ್ನು ಲತ್ತಲೂರಿನ ಒಡೆಯರೆಂದು ಕರೆದುಕೊಂಡರು. ಕಲ್ಯಾಣದ ಕಳಚುರಿಗಳು ದೂರದ ಕಾಲಂಜರದ ಹೆಸರನ್ನು ಬಿರುದಿನಲ್ಲಿ ಇಟ್ಟುಕೊಂಡರು. ನಮ್ಮ ಹಾವೇರಿ ಸೀಮೆಯ ಗುತ್ತಲವನ್ನು ಆಳಿದ ಗುತ್ತರು ತಾವು ಉಜ್ಜಯಿನಿಯ ಅರಸರ ವಂಶದವರೆಂದು ಶಾಸನಗಳಲ್ಲಿ ಸಾರಿದರು. ಇಂಥ ಹೆಸರುಗಳ ಹಿಂದೆ ವಲಸೆಯ ನೆನಪೋ ವಂಶಾಭಿಮಾನವೋ ಇರುತ್ತದೆ. ಹೆಸರು ಹೊತ್ತು ತಂದವರು ಕಾಲಗರ್ಭದಲ್ಲಿ ಕರಗಿಹೋದ ಮೇಲೆ ಕೆಲವೊಮ್ಮೆ ಆ ಹೆಸರೊಂದೇ ಅವರ ಕುರುಹಾಗಿ ಉಳಿಯುತ್ತದೆ.

ಇದಕ್ಕೆ ವಚನಸಾಹಿತ್ಯದಲ್ಲಿಯೇ ಒಂದು ಹೃದ್ಯವಾದ ನಿದರ್ಶನವಿದೆ. ಆದಯ್ಯ ಶರಣರ ಅಂಕಿತ 'ಸೌರಾಷ್ಟ್ರ ಸೋಮೇಶ್ವರ'. ಪುಲಿಗೆರೆಯಲ್ಲಿ, ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಬಾಳಿದ ಈ ಶರಣರ ಅಂಕಿತದಲ್ಲಿ ಗುಜರಾತದ ಕಡಲತೀರದ ಹೆಸರು ಬಂದದ್ದು ಹೇಗೆ? ಹರಿಹರ ಕವಿಯ ಆದಯ್ಯನ ರಗಳೆಯೂ ರಾಘವಾಂಕನ ಸೋಮನಾಥ ಚಾರಿತ್ರವೂ ಆ ಕಥೆಯನ್ನು ಹೇಳುತ್ತವೆ. ಆದಯ್ಯನವರು ವ್ಯಾಪಾರಕ್ಕಾಗಿ ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದವರು, ಅಲ್ಲಿ ಪದ್ಮಾವತಿಯನ್ನು ವರಿಸಿದವರು, ತಮ್ಮ ನಾಡಿನ ಸೋಮನಾಥನನ್ನು ಪುಲಿಗೆರೆಗೆ ಕರೆತಂದವರು. ಇಂದು ಲಕ್ಷ್ಮೇಶ್ವರದ ಸೋಮೇಶ್ವರನಿಗೆ ಕೈಮುಗಿಯುವವರಲ್ಲಿ ಎಷ್ಟು ಜನರಿಗೆ ಆ ವರ್ತಕರ ದಾರಿಯ ನೆನಪಿದೆ? ದೇವರ ಹೆಸರು ಮಾತ್ರ ಅದನ್ನು ಮರೆತಿಲ್ಲ.

ಈ ಮೂರು ಕಾರಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೋಡಿಯಮಠದ ಪ್ರಶ್ನೆಗೆ ಬರೋಣ. ಆ ಮಠವನ್ನು ವರ್ಣಿಸುವ ಶಾಸನಗಳು ಇರುವುದು ಕೊಡಿಯಾಲದಲ್ಲಲ್ಲ. ಅಲ್ಲಿಂದ ಪಶ್ಚಿಮಕ್ಕೆ, ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ. ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ಪರಂಪರೆ ನಂಬುವ ಊರು ಅದು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಮಠವೇ ಕೋಡಿಯಮಠ. ಕೆರೆಯ ಹೆಚ್ಚುವರಿ ನೀರು ಹರಿದುಹೋಗುವ ದಾರಿಗೆ ಕೋಡಿ ಎನ್ನುತ್ತೇವೆ. ಕೆರೆ ಇರುವ ಊರಿನಲ್ಲೆಲ್ಲ ಕೋಡಿ ಇದ್ದೇ ಇರುತ್ತದೆ. ಅರಸೀಕೆರೆ ತಾಲೂಕಿನ ಹಾರನಹಳ್ಳಿಯಲ್ಲಿಯೂ ಕೋಡಿಮಠವಿದೆ. ಹೀಗಾಗಿ ಇದು ಮೊದಲನೆಯ ಬಗೆಯ ಹೆಸರು, ನೆಲ ಮತ್ತು ನೀರು ಕೊಟ್ಟ ಹೆಸರು. ಕೊಡಿಯಾಲವನ್ನು ಕೋಡಿಯಾಲವೆಂದೂ ಬರೆಯುವುದುಂಟು. ಆದುದರಿಂದ ಅಕ್ಷರಸಾಮ್ಯವನ್ನು ನಂಬಿ ಏನನ್ನೂ ತೀರ್ಮಾನಿಸಲಾಗದು. ಶಾಸನದ ಕಲ್ಲು ಎಲ್ಲಿ ನಿಂತಿದೆ, ಅದು ಯಾವ ದೇವರಿಗೆ ದತ್ತಿಯನ್ನು ಹೇಳುತ್ತದೆ ಎಂಬುದೇ ನಿರ್ಣಾಯಕ.

ಇನ್ನು ಆ ಮಠದಲ್ಲಿದ್ದವರು ಯಾರು ಎಂಬ ಪ್ರಶ್ನೆ. ಅವರು ಕಾಳಾಮುಖರು, ಲಾಕುಲಶೈವ ಪರಂಪರೆಯ ಆಚಾರ್ಯರು. ಶಕ್ತಿಪರಿಷೆ, ಮೂವರ ಕೋಣೆಯ ಸಂತತಿ, ಪರ್ವತಾವಳಿ ಮುಂತಾದ ಹೆಸರುಗಳಿಂದ ಅವರ ಶಾಖೆಗಳು ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತವೆ. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದ ಗುರುಗಳು ನೂರು ವರ್ಷಗಳಿಗೂ ಮೀರಿ ಕೋಡಿಯಮಠವನ್ನು ನಡೆಸಿದರು. ಬಿಜ್ಜಳನ ಕಾಲದ 1162ರ ಶಾಸನವು ಆ ಮಠವನ್ನು ಬಣ್ಣಿಸುವ ಪರಿ ಮನಮುಟ್ಟುವಂಥದು. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುತ್ತಿತ್ತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಔಷಧೋಪಚಾರವಿತ್ತು. ಬೇರೆ ಬೇರೆ ಪಂಥದ ಸನ್ಯಾಸಿಗಳಿಗೆ, ಕ್ಷಪಣಕರಿಗೆ ಸಹ, ಆಶ್ರಯವಿತ್ತು. ಕಲ್ಯಾಣದಲ್ಲಿ ಅಣ್ಣನವರು ಇದೇ ಬಿಜ್ಜಳನ ಆಡಳಿತದಲ್ಲಿದ್ದು ದಾಸೋಹವನ್ನು ಬೆಳಗಿದುದನ್ನು ಇಲ್ಲಿ ಸ್ಮರಿಸಬೇಕು.

ಇಂಥವರು ಎಲ್ಲಿ ಹೋದರು? 13ನೆಯ ಶತಮಾನದ ನಂತರ ಅವರ ಹೆಸರು ಶಾಸನಗಳಿಂದ ಕ್ರಮೇಣ ಮರೆಯಾಗುತ್ತದೆ. ತಮ್ಮನ್ನು ಕಾಳಾಮುಖರೆಂದು ಕರೆದುಕೊಳ್ಳುವ ಪಂಥ ಇಂದು ಇಲ್ಲ. ಡೇವಿಡ್ ಲೊರೆಂಜನ್ ಎಂಬ ವಿದ್ವಾಂಸರು ಕಾಪಾಲಿಕ, ಕಾಳಾಮುಖರನ್ನು ಕುರಿತು 1972ರಲ್ಲಿ ಪ್ರಕಟಿಸಿದ ಗ್ರಂಥದ ಶೀರ್ಷಿಕೆಯಲ್ಲಿಯೇ ಅವರನ್ನು ಕಣ್ಮರೆಯಾದ ಶೈವ ಪಂಥಗಳೆಂದು ಕರೆದರು. ಅಳಿದವರ ಪರವಾಗಿ ಮಾತನಾಡುವವರು ಇರುವುದಿಲ್ಲ. ರಾಮಾನುಜಾಚಾರ್ಯರ ಶ್ರೀಭಾಷ್ಯದಲ್ಲಿ ಕಾಳಾಮುಖರು ತಲೆಬುರುಡೆಯಲ್ಲಿ ಉಣ್ಣುವವರು, ಶವಭಸ್ಮ ಬಳಿಯುವವರು ಎಂಬ ಚಿತ್ರಣವಿದೆ. ಬಹುಕಾಲ ಲೋಕವು ಅದನ್ನೇ ನಂಬಿತ್ತು. ಬಳ್ಳಿಗಾವಿಯ ಕಲ್ಲುಗಳನ್ನು ಓದಿದ ಮೇಲೆಯೇ ಅನ್ನವಿಕ್ಕಿದ, ವಿದ್ಯೆ ಕಲಿಸಿದ ಇನ್ನೊಂದು ಮುಖ ಕಂಡದ್ದು. ಆ ಕಲ್ಲುಗಳ ಸಾಕ್ಷ್ಯವನ್ನು ನಾವು ಊರಿಂದೂರಿಗೆ ಎಳೆದಾಡಿದರೆ, ಒಮ್ಮೆ ಅಳಿದವರನ್ನು ಎರಡನೆಯ ಬಾರಿ ಅಳಿಸಿದಂತೆ ಆಗುವುದಿಲ್ಲವೆ?

ಹಾಗಾದರೆ ತುಂಗಭದ್ರೆಯ ಈ ದಂಡೆಗೆ ತನ್ನದೇ ಆದ ಹಿರಿಮೆ ಇಲ್ಲವೆ? ಇದೆ, ಅದಕ್ಕೆ ಎರವಲು ಹೆಸರಿನ ಹಂಗಿಲ್ಲ. ಕುಮಾರಪಟ್ಟಣದಿಂದ ಹೊಳೆಯ ಹರಿವನ್ನು ಅನುಸರಿಸಿ ಕೆಳಗೆ ಹೋದರೆ ಅದೇ ರಾಣೆಬೆನ್ನೂರು ತಾಲೂಕಿನ ಚೌಡದಾನಪುರ ಸಿಗುತ್ತದೆ. ಅಂಬಿಗರ ಚೌಡಯ್ಯನವರ ಊರು. ಗುತ್ತ ಅರಸನು ಅವರಿಗೆ ದಾನವಾಗಿ ಕೊಟ್ಟುದರಿಂದ ಚೌಡಯ್ಯದಾನಪುರವಾಯಿತೆಂದು ಐತಿಹ್ಯ. ಅದಕ್ಕೆ ಮೊದಲು ಅದು ಶಿವಪುರ, ನಾಡಿನ ಎಷ್ಟೋ ಶಿವಪುರಗಳಲ್ಲಿ ಒಂದು. ಶರಣನ ಹೆಸರು ಸೇರಿದೊಡನೆ ಆ ಊರು ನೂರರಲ್ಲಿ ಒಂದಾಗದೆ ಒಂದೇ ಒಂದಾಯಿತು. ಚೌಡಯ್ಯನವರು ತಮ್ಮ ವಚನಗಳಿಗೆ ದೇವರ ಹೆಸರನ್ನಲ್ಲ, ಕಾಯಕದೊಡನೆ ಕೂಡಿದ ತಮ್ಮ ಹೆಸರನ್ನೇ ಅಂಕಿತವಾಗಿರಿಸಿದರೆಂಬುದು ಇಲ್ಲಿ ಅರ್ಥಪೂರ್ಣವಾಗಿದೆ. 1868ರಲ್ಲಿ ಹರಿಹರದ ಬಳಿ ಹೊಳೆಗೆ ಸೇತುವೆಯಾಯಿತು. ಹೆದ್ದಾರಿಯ ಪಯಣಿಗರಿಗೆ ಅಂಬಿಗನ ಹಂಗು ತಪ್ಪಿತು. ಆದರೂ ಹುಟ್ಟು ಹಿಡಿದವರ ನೆನಪನ್ನು ಆ ಅಂಕಿತ ಇಂದಿಗೂ ಕಾಪಾಡಿಕೊಂಡು ಬಂದಿದೆ.

ಅದೇ ಚೌಡದಾನಪುರದ ಮುಕ್ತೇಶ್ವರ ದೇವಾಲಯದ ಶಾಸನಗಳಲ್ಲಿ ನಮ್ಮ ಪ್ರಶ್ನೆಗೆ ಇನ್ನೊಂದು ಬೆಳಕು ಸಿಗುತ್ತದೆ. ಅವು ಇಬ್ಬರು ಮಹನೀಯರನ್ನು ಸ್ಮರಿಸುತ್ತವೆ. ಒಬ್ಬರು ಲಾಕುಲಶೈವ ಪರಂಪರೆಯ ಮುಕ್ತಜೀಯರು. ಇನ್ನೊಬ್ಬರು ವೀರಶೈವ ಸಂತರಾದ ಶಿವದೇವರು. ಶಿವದೇವರು ಆ ಕ್ಷೇತ್ರವನ್ನು ಪ್ರವೇಶಿಸಿದ ದಿನವನ್ನೂ ಶಾಸನ ದಾಖಲಿಸಿದೆ. ಅದು 1225ರ ಆಗಸ್ಟ್ 19ಕ್ಕೆ ಸರಿಹೊಂದುತ್ತದೆ. ಹಳೆಯ ಪರಂಪರೆಯ ಜೀಯರನ್ನು ಹೆಸರಿಸಿದ ದೇವಾಲಯದಲ್ಲಿಯೇ ಹೊಸ ಪರಂಪರೆಯ ಸಂತರೂ ನೆಲೆ ಕಂಡರು. ಶಿವದೇವರ ವಂಶಸ್ಥರು ಚೌಡದಾನಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲೆಸಿ, ಮುಕ್ತೇಶ್ವರನ ಭಕ್ತಿಯನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ಕಾಳಾಮುಖರ ಹಲವು ಸ್ಥಾನಗಳು ಕಾಲಕ್ರಮದಲ್ಲಿ ನಮ್ಮ ಪರಂಪರೆಗೆ ಸೇರಿದವೆಂದು ಅನೇಕ ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ. ಅದರ ವಿವರಗಳಲ್ಲಿ ಭಿನ್ನಾಭಿಪ್ರಾಯಗಳುಂಟು. ಆದರೆ ಒಂದು ಮಾತನ್ನು ವಿನಯದಿಂದ ಒಪ್ಪಬಹುದು. ಅಳಿದ ಸಮುದಾಯ ಎಂದು ನಾವು ಕರೆಯುವ ಜನರಲ್ಲಿ ಎಲ್ಲರೂ ಅಳಿದಿರಲಿಕ್ಕಿಲ್ಲ. ಕೆಲವರು ಹೆಸರನ್ನು ಕಳಚಿಟ್ಟು ನಮ್ಮೊಡನೆ ನಡೆದು ಬಂದಿರಬಹುದು. ನಾವು ಬಡಿಸುವ ದಾಸೋಹದ ಅನ್ನದಲ್ಲಿ ಅವರ ಕೈಯ ಪಾಲೂ ಇರಬಹುದು.

ಸ್ಥಾವರ-ಜಂಗಮಗಳನ್ನು ಕುರಿತ ಅಣ್ಣನವರ ತತ್ತ್ವವನ್ನು ನಾವು ಸಾಮಾನ್ಯವಾಗಿ ದೇಗುಲ ಮತ್ತು ದೇಹಕ್ಕೆ ಅನ್ವಯಿಸಿ ಹೇಳುತ್ತೇವೆ. ಊರು ಮತ್ತು ಹೆಸರಿಗೂ ಅದನ್ನು ಅನ್ವಯಿಸಬಹುದೆಂದು ನನಗೆ ತೋರುತ್ತದೆ. ಕೋಟೆ, ಮಠ, ಪೇಟೆ ಎಲ್ಲವೂ ಒಂದು ದಿನ ಬೀಳುತ್ತವೆ. ಮನುಷ್ಯರ ನಡೆಯೊಂದಿಗೆ ಸಾಗಿದ್ದು ಮುಂದಿನವರಿಗೆ ತಲುಪುತ್ತದೆ. ಆದಯ್ಯನವರ ಅಂಕಿತದಲ್ಲಿರುವ ಸೌರಾಷ್ಟ್ರದಂತೆ, ಚೌಡಯ್ಯನವರ ಅಂಕಿತದಲ್ಲಿರುವ ಅಂಬಿಗನಂತೆ. ಹೀಗೆ ಬಂದುದನ್ನು ಸತ್ಯವಾಗಿ ಸ್ವೀಕರಿಸುವುದು, ನಮ್ಮದಲ್ಲದ್ದನ್ನು ನಮ್ಮದೆನ್ನದಿರುವುದು ಶರಣಧರ್ಮಕ್ಕೆ ಹೊರತಾದುದಲ್ಲ. ಪರಧನವನ್ನು ಒಲ್ಲೆನೆನ್ನುವವರು ಪರರ ಇತಿಹಾಸವನ್ನೂ ಒಲ್ಲೆವೆನ್ನಬೇಕು.

ಕೊನೆಗೆ ಆ ಭಕ್ತರನ್ನು ಕರೆಸಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಕೋಡಿಯಮಠ ತಮ್ಮ ಊರಿನದಲ್ಲವೆಂದು ತಿಳಿದು ಕ್ಷಣಕಾಲ ಅವರ ಮುಖ ಬಾಡಿತು. ಬಳಿಕ ಅವರು ಕೇಳಿದ ಪ್ರಶ್ನೆ ನನ್ನನ್ನು ಎಚ್ಚರಿಸಿತು: "ಹಾಗಾದರೆ ನಮ್ಮ ಊರಿನಲ್ಲಿ ಹಿಂದೆ ಇದ್ದವರು ಯಾರು?" ಇದೇ ಸರಿಯಾದ ಪ್ರಶ್ನೆ. ಪ್ರತಿಯೊಂದು ಊರಿನಲ್ಲಿಯೂ ಹೊಲದ ಬದುವಿನಲ್ಲಿ, ಹಳೆಯ ಬಾವಿಯ ದಂಡೆಯಲ್ಲಿ, ಗುಡಿಯ ಹಿಂಬದಿಯಲ್ಲಿ ಅಕ್ಷರವಿರುವ ಕಲ್ಲುಗಳು ಬಿದ್ದಿರುತ್ತವೆ. ಹೊಲದ ಹೆಸರು, ಓಣಿಯ ಹೆಸರು, ಹೊಳೆಯ ಮಡುವಿನ ಹೆಸರು ಹಿರಿಯರ ಬಾಯಲ್ಲಿ ಉಳಿದಿರುತ್ತವೆ. ಭಕ್ತರು ಅವುಗಳಿಗೆ ಸುಣ್ಣ ಬಳಿಯದೆ, ಎಣ್ಣೆ ಹಚ್ಚದೆ ಕಾಪಾಡಲಿ, ಹಿರಿಯರಿಂದ ಕೇಳಿ ಬರೆದಿಡಲಿ. ಅಂಥ ಬರಹವನ್ನು ಶ್ರೀಮಠಕ್ಕೆ ತಲುಪಿಸಿದರೆ ಅದು ಲಿಂಗಾರ್ಪಿತವಾದ ಕಾಯಕವೇ ಸರಿ.