ಹಸಿರಾದ ಮೂತ್ರ, ಬಿಡದ ಅಮ್ಮಂದಿರು

ಇವತ್ತಿನ ಕಥೆ ಶುರುವಾಗೋದು ನಾರ್ವೆಯಲ್ಲಿ, ಒಂದು ವಾಸನೆಯಿಂದ.

ಬೋರ್ಗ್ನಿ ಎಗೆಲಾಂಡ್ ಅನ್ನೋ ತಾಯಿಗೆ ಇಬ್ಬರು ಮಕ್ಕಳು. ಹುಟ್ಟಿದಾಗ ಚೆನ್ನಾಗೇ ಇದ್ದರು, ಆದರೆ ಬರ್ತಾ ಬರ್ತಾ ಬುದ್ಧಿ ಬೆಳೆಯಲೇ ಇಲ್ಲ. ಇಬ್ಬರಿಂದಲೂ ಒಂಥರಾ ಮುಗ್ಗಲು ವಾಸನೆ. ಎಷ್ಟು ಡಾಕ್ಟರ ಹತ್ತಿರ ಅಲೆದರೂ ಉತ್ತರ ಸಿಗಲಿಲ್ಲ. 1934ರಲ್ಲಿ ಓಸ್ಲೋದ ಆಸ್ಬ್ಯೋರ್ನ್ ಫೋಲಿಂಗ್ ಸಿಕ್ಕರು. ಅವರು ವೈದ್ಯರೂ ಹೌದು, ಕೆಮಿಸ್ಟ್ರಿ ಓದಿದವರೂ ಹೌದು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದರೆ ಕಡು ಹಸಿರು! ಔಷಧಿ ನಿಲ್ಲಿಸಿ ಮತ್ತೆ ತನ್ನಿ ಅಂದರು. ಮತ್ತೆ ಹಸಿರು. ಆ ತಾಯಿ ಲೀಟರ್‌ಗಟ್ಟಲೆ ಮೂತ್ರ ಹೊತ್ತು ತಂದರು. ಅದರಲ್ಲಿ ಸಿಕ್ಕಿದ್ದು ಫಿನೈಲ್‌ಪೈರುವಿಕ್ ಆಸಿಡ್. ಆಮೇಲೆ ಫೋಲಿಂಗ್ ಬುದ್ಧಿಮಾಂದ್ಯರ ಆಶ್ರಮಗಳಲ್ಲಿ 430 ಜನರನ್ನು ಪರೀಕ್ಷಿಸಿದರು, ಇನ್ನೂ 8 ಮಂದಿ ಸಿಕ್ಕರು.

ಈಗ ನಾವು ಇದನ್ನ ಪಿಕೆಯು ಅಂತೀವಿ. ನಾನು ಬಿಕಾಂ ಓದಿದವನು, ನನಗೆ ಅರ್ಥವಾದದ್ದು ಹೀಗೆ: ಹಾಲು, ಮೊಟ್ಟೆ, ಬೇಳೆ ಎಲ್ಲದರಲ್ಲೂ ಫಿನೈಲ್‌ಅಲನಿನ್ ಇರುತ್ತೆ. ಅದನ್ನ ಖರ್ಚು ಮಾಡೋ ಎನ್‌ಜೈಮ್ ಈ ಮಕ್ಕಳ ಲಿವರ್‌ನಲ್ಲಿ ಕೆಲಸ ಮಾಡಲ್ಲ. ಸರಕು ಬರ್ತಾನೇ ಇದೆ, ಗೋದಾಮು ಖಾಲಿಯಾಗಲ್ಲ. ಏಟು ಬೀಳೋದು ಮೆದುಳಿಗೆ. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಯಿಲೆ.

ಕಾಯಿಲೆಗೆ ಹೆಸರು ಬಂತು, ಮದ್ದು ಬರಲಿಲ್ಲ. ಸುಮಾರು 17 ವರ್ಷ!

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇನ್ನೊಬ್ಬ ತಾಯಿ. ಮಗಳು ನಿಲ್ಲಲ್ಲ, ನಡೆಯಲ್ಲ, ತಲೆ ಚಚ್ಚಿಕೊಳ್ತಾಳೆ. ತಾಯಿ ದಿನಾ ಬೆಳಿಗ್ಗೆ ಲ್ಯಾಬ್ ಬಾಗಿಲಲ್ಲಿ ನಿಂತು, ಏನಾದ್ರೂ ಕಂಡುಹಿಡಿದ್ರಾ ಅಂತ ಡಾಕ್ಟರ್ ಹೋರ್ಸ್ಟ್ ಬಿಕೆಲ್ ಅವರನ್ನ ಕೇಳೋರು. ಕೊನೆಗೆ ಬಿಕೆಲ್ ಮತ್ತು ಜೊತೆಯವರು ಹಾಲಿನ ಪ್ರೋಟೀನನ್ನು ಒಡೆದು, ಇದ್ದಿಲಿನ ಮೂಲಕ ಸೋಸಿ ಫಿನೈಲ್‌ಅಲನಿನ್ ತೆಗೆದುಹಾಕಿದರು. ಕೆಲವು ತಿಂಗಳಲ್ಲಿ ಮಗು ಅಂಬೆಗಾಲಿಟ್ಟಿತು, ಎದ್ದು ನಿಂತಿತು.

ಮುಂದಿನದು ನನಗೆ ಕಿರಿಕಿರಿ ಮಾಡೋ ಭಾಗ. ಇದು ಆಹಾರದ ಫಲವೇ ಅಂತ ಖಚಿತಪಡಿಸೋಕೆ, ತಾಯಿಗೂ ಹೇಳದೆ ಅದೇ ಫಿನೈಲ್‌ಅಲನಿನನ್ನು ವಾಪಸ್ ಬೆರೆಸಿದರು. ಮಗು ಅಳೋಕೆ ಶುರು ಮಾಡಿತು, ಕೆಲವೇ ದಿನಗಳಲ್ಲಿ ಕಲಿತದ್ದೆಲ್ಲ ಕಳೆದುಕೊಂಡಿತು. ಪುರಾವೆ ಸಿಕ್ಕಿತು, ನಿಜ. ಆದರೆ ಆ ಅಮ್ಮನ ಜಾಗದಲ್ಲಿ ನಿಂತು ಯೋಚಿಸಿ. ಪಥ್ಯ ಮತ್ತೆ ಶುರುವಾಯ್ತು, ಆದರೂ ಮೊದಲೇ ಆಗಿದ್ದ ಹಾನಿ ಸರಿಹೋಗಲಿಲ್ಲ. ತಡವಾಗಿತ್ತು.

ಹಾಗಾಗಿ ಲಕ್ಷಣ ಕಾಣೋ ಮುಂಚೆಯೇ ಹಿಡಿಯಬೇಕಿತ್ತು. ಅಮೆರಿಕದ ರಾಬರ್ಟ್ ಗಥ್ರಿ ಅವರ ಮಗನಿಗೂ ಬುದ್ಧಿಮಾಂದ್ಯವಿತ್ತು, ಹೆಂಡತಿಯ ಸೋದರಿಯ ಮಗಳಿಗೆ ಪಿಕೆಯು ಇತ್ತು. 1960ರ ದಶಕದ ಆರಂಭದಲ್ಲಿ ಅವರು ಕೂಸಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತ, ಒಂದು ತುಂಡು ಫಿಲ್ಟರ್ ಪೇಪರ್, ಸ್ವಲ್ಪ ಬ್ಯಾಕ್ಟೀರಿಯಾದಲ್ಲಿ ಟೆಸ್ಟ್ ಮಾಡಿ ತೋರಿಸಿದರು. 1963ರಲ್ಲಿ ಮ್ಯಾಸಚೂಸೆಟ್ಸ್ ಅದನ್ನ ಕಡ್ಡಾಯ ಮಾಡಿತು.

ನಮ್ಮಲ್ಲಿ? 1980ರ ದಶಕದಲ್ಲೇ ಕರ್ನಾಟಕದಲ್ಲಿ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳಿಗೆ ಇಂಥ ಕಾಯಿಲೆಗಳ ಪರೀಕ್ಷೆ ಮಾಡಿದ್ದರು. ಆದರೂ ಈ ದೇಶದಲ್ಲಿ ಹುಟ್ಟೋ ಪ್ರತಿ ಮಗುವಿಗೂ ಆ ಕೆಲವು ಹನಿಯ ಟೆಸ್ಟ್ ಇನ್ನೂ ಸಿಗ್ತಿಲ್ಲ. ಮನೆಯಲ್ಲಿ ಯಾರಾದ್ರೂ ಬಸುರಿ ಇದ್ದರೆ, ಹೆರಿಗೆಗೆ ಮುಂಚೆ ಡಾಕ್ಟರ್ ಹತ್ತಿರ ಇದನ್ನ ಕೇಳಿ ಇಟ್ಟುಕೊಳ್ಳಿ.